ಗೋಡೆಯ ಮಸಿ ಒರೆಸಿದಷ್ಟೂ ಹರಡುತ್ತಿದೆ, ಎಲ್ಲಿಂದ ಬರುತ್ತಿದೆ ಇದು?

ಮಸಿಗೋಡೆ
ಬಣ್ಣ ಬಳಿಸಿ ಇನ್ನೂ ಒಂದು ವರ್ಷ ಆಗಿಲ್ಲ. ಅಡುಗೆಮನೆ ಗೋಡೆಯ ಮೇಲ್ಭಾಗ ಬೂದುಬಣ್ಣಕ್ಕೆ ತಿರುಗಿದೆ. ಅಷ್ಟೇ ಆಗಿದ್ದರೆ ಸುಮ್ನಿರುತ್ತಿದ್ದೆ. ಪಕ್ಕದ ಕೋಣೆಯ ಚಾವಣಿಯಲ್ಲೂ ಕಪ್ಪು ಪಟ್ಟೆಗಳು ಮೂಡಿವೆ. ಸ್ಕೇಲ್ ಇಟ್ಟು ಎಳೆದ ಹಾಗೆ ನೇರ, ಸಮ ಅಂತರ. ಗೋಡೆಯ ಒಂದೊಂದು ಮೊಳೆಯ ತಲೆಯ ಮೇಲೂ ಒಂದೊಂದು ಕಪ್ಪು ಚುಕ್ಕೆ.

ಮೊದಲು ಬೂಷ್ಟು ಅಂದುಕೊಂಡೆ. ಬೆರಳಲ್ಲಿ ಮುಟ್ಟಿದೆ, ಬೆರಳೇ ಕಪ್ಪಾಯಿತು. ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಚೆನ್ನಾಗಿ ಉಜ್ಜಿದೆ. ಚುಕ್ಕೆ ಇದ್ದದ್ದು ಈಗ ಮೋಡ ಆಗಿದೆ. ಉಜ್ಜಿದಷ್ಟೂ ಹರಡುತ್ತಿದೆ.

ಮನೆಯಲ್ಲಿ ಸೌದೆ ಒಲೆ ಇಲ್ಲ. ಗ್ಯಾಸ್ ಒಲೆ ಒಂದಿದೆ. ಸಂಜೆ ಹೊತ್ತು ಕೋಣೆಯಲ್ಲಿ ಗಾಜಿನ ಲೋಟದ ಪರಿಮಳದ ಮೇಣದಬತ್ತಿ ಉರಿಯುತ್ತದೆ. ಇಷ್ಟಕ್ಕೇ ಇಷ್ಟು ಮಸಿ ಬರುತ್ತದಾ?

ಸುಮ್ನೆಓದುಗ
ಬೂಷ್ಟೇ ಇರಬೇಕು. ಬ್ಲೀಚ್ ಹೊಡೆದು ಅರ್ಧ ಗಂಟೆ ಬಿಡಿ, ಹೋಗುತ್ತದೆ.

ಬಣ್ಣದಬ್ರಷ್
ಬ್ಲೀಚ್ ಬೇಡ. ಒಂದೇ ಒಂದು ಹನಿ ಹಾಕಿ ನೋಡುವುದಾದರೆ ಸರಿ, ಯಾಕೆಂದರೆ ಅದು ಒಳ್ಳೆಯ ಪರೀಕ್ಷೆ. ಐದು ನಿಮಿಷದಲ್ಲಿ ಕಪ್ಪು ಮಂಕಾದರೆ ಬೂಷ್ಟು. ಹಾಗೇ ಉಳಿದರೆ ಮಸಿ. ಮಸಿ ಅಂದರೆ ಇಂಗಾಲ, ಅದರ ಬಣ್ಣ ಬ್ಲೀಚ್‌ಗೆ ಬಗ್ಗುವುದಿಲ್ಲ. ಮತ್ತೆ, ಅಮೋನಿಯಾ ಇರುವ ಕ್ಲೀನರ್ ಜೊತೆ ಬ್ಲೀಚ್ ಯಾವ ಕಾರಣಕ್ಕೂ ಸೇರಬಾರದು. ಅದರಿಂದ ಬರುವ ಕ್ಲೋರಮಿನ್ ಅನಿಲ ಉಸಿರಾಟದ ದಾರಿಯನ್ನೇ ಸುಡುತ್ತದೆ.

ಈಗಾಗಲೇ ಒದ್ದೆ ಮಾಡಿಬಿಟ್ಟಿದ್ದೀರಿ, ಆಗಿದ್ದು ಆಯಿತು. ಉಳಿದ ಗೋಡೆಯನ್ನು ಇನ್ನು ಮುಟ್ಟಬೇಡಿ. ವಿವರವಾಗಿ ಆಮೇಲೆ ಬರೆಯುತ್ತೇನೆ. ಮೊದಲು ಮಸಿ ಎಲ್ಲಿಂದ ಬರುತ್ತಿದೆ ಅಂತ ಹಿಡಿಯಿರಿ. ಉರಿ ಸರಿಮಾಡದೆ ಗೋಡೆ ಒರೆಸುವುದು ಅಂದರೆ ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ.

ಪ್ರಯೋಗಶಾಲೆ
ನಿಮ್ಮ ಒಲೆಯ ಉರಿ ಯಾವ ಬಣ್ಣ? ನೀಲಿಯೋ ಹಳದಿಯೋ? ಅದನ್ನು ಹೇಳಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಹಳದಿ ಉರಿಯಲ್ಲಿ ಕಾಣುವ ಬೆಳಕೇ ಮಸಿಯದು. ಗ್ಯಾಸ್ ಆಗಲಿ, ಮೇಣ ಆಗಲಿ, ಸೌದೆ ಆಗಲಿ, ಬಿಸಿಗೆ ಮೊದಲು ಒಡೆಯುತ್ತದೆ. ಒಡೆದ ಚೂರುಗಳಿಗೆ ಆಮ್ಲಜನಕ ಸಿಕ್ಕರೆ ಪೂರ್ತಿ ಉರಿದು ಹೋಗುತ್ತವೆ. ಸಿಗದಿದ್ದರೆ ಒಂದಕ್ಕೊಂದು ಅಂಟಿಕೊಂಡು ಉಂಗುರಗಳಾಗುತ್ತವೆ, ಉಂಗುರಗಳು ಪೇರಿಸಿಕೊಂಡು ಇಂಗಾಲದ ಕಾಳುಗಳಾಗುತ್ತವೆ. ಉರಿಯೊಳಗೆ ಆ ಕಾಳುಗಳು ಕೆಂಡದ ಹಾಗೆ ಹೊಳೆಯುತ್ತವೆ. ನಮಗೆ ಹಳದಿ ಕಾಣುವುದು ಅದೇ. 1860ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ ಒಂದು ಮೇಣದಬತ್ತಿ ಇಟ್ಟುಕೊಂಡು ಮಕ್ಕಳಿಗೆ ಇದನ್ನೇ ತೋರಿಸಿದ್ದ.

ಕಾಳುಗಳು ಉರಿಯ ಅಂಚು ತಲುಪುವಾಗ ಸಾಕಷ್ಟು ಗಾಳಿ, ಸಾಕಷ್ಟು ಬಿಸಿ ಇದ್ದರೆ ಅಲ್ಲೇ ಸುಟ್ಟುಹೋಗುತ್ತವೆ. ಗಾಳಿ ಬೀಸಿ ಉರಿ ಅಲುಗಿದರೆ, ತಣ್ಣನೆಯ ಪಾತ್ರೆ ತಾಗಿದರೆ, ಬತ್ತಿ ಉದ್ದ ಆಗಿದ್ದರೆ, ಸುಡುವ ಮುಂಚೆಯೇ ತಪ್ಪಿಸಿಕೊಂಡು ಹೊರಗೆ ಬರುತ್ತವೆ. ಒಂದು ಕಾಳು ಸುಮಾರು 10ರಿಂದ 50 ನ್ಯಾನೋಮೀಟರ್. ತಲೆಕೂದಲಿನ ದಪ್ಪಕ್ಕೆ ಸಾವಿರಕ್ಕೂ ಜಾಸ್ತಿ ಕಾಳು ಸಾಲಾಗಿ ನಿಲ್ಲಬಹುದು. ಹಾಗಾಗಿ ಹೊಗೆ ಕಣ್ಣಿಗೆ ಕಾಣದಿದ್ದರೂ ಮಸಿ ಇರುತ್ತದೆ.

ಇನ್ನು ನೇರ ಪಟ್ಟೆಯ ವಿಷಯ. ನಿಮ್ಮ ಚಾವಣಿ ಜಿಪ್ಸಮ್ ಹಲಗೆಯದಾ? ಹಿಂದೆ ಲೋಹದ ಚೌಕಟ್ಟು ಇದೆಯಾ? ಇದ್ದರೆ ಆ ಜಾಗ ಉಳಿದ ಹಲಗೆಗಿಂತ ಸ್ವಲ್ಪ ತಣ್ಣಗಿರುತ್ತದೆ. ಸಣ್ಣ ಕಾಳುಗಳನ್ನು ಬಿಸಿ ಕಡೆಯ ಗಾಳಿಯ ಅಣುಗಳು ಜೋರಾಗಿ ತಳ್ಳುತ್ತವೆ, ತಣ್ಣನೆಯ ಕಡೆಯವು ಮೆಲ್ಲಗೆ. ಕೊನೆಗೆ ಕಾಳು ತಣ್ಣನೆಯ ಜಾಗಕ್ಕೇ ಹೋಗಿ ಅಂಟುತ್ತದೆ. ಮೊಳೆಯ ತಲೆಯೂ ಹಾಗೇ. ಒಂದು ಲೆಕ್ಕದಲ್ಲಿ ನಿಮ್ಮ ಗೋಡೆಯ ಒಳಗಿನ ಅಸ್ಥಿಪಂಜರದ ಎಕ್ಸ್‌ರೇ ತೆಗೆದುಕೊಟ್ಟಿದೆ ಈ ಮಸಿ.

ಮಸಿಗೋಡೆ
ಹೌದು, ಜಿಪ್ಸಮ್ ಚಾವಣಿ, ಒಳಗೆ ಲೋಹದ ಪಟ್ಟಿ. ಎಕ್ಸ್‌ರೇ ಮಾತು ಕೇಳಿ ನಗು ಬಂತು, ಆಮೇಲೆ ಅಳು.

ಉರಿ ನೋಡಿದೆ. ಚಿಕ್ಕ ಬರ್ನರ್ ನೀಲಿ. ದೊಡ್ಡದರಲ್ಲಿ ಬುಡ ನೀಲಿ, ತುದಿ ಹಳದಿ, ಕೆಲವೊಮ್ಮೆ ಪಾತ್ರೆಯ ಪಕ್ಕಕ್ಕೂ ನಾಲಿಗೆ ಚಾಚುತ್ತದೆ. ಪಾತ್ರೆಗಳ ತಳ ಕಪ್ಪಾಗುತ್ತಿರುವುದು ನಿಜ. ಹಳೇ ಒಲೆ ಅಲ್ವಾ, ಇದೆಲ್ಲ ಇದ್ದದ್ದೇ ಅಂದುಕೊಂಡಿದ್ದೆ.

ಬರ್ನರ್‌ರಿಪೇರಿ
ಇದ್ದದ್ದೇ ಅಲ್ಲ. ಈಗಲೇ ಕಿಟಕಿ ತೆಗೆಯಿರಿ. ಆ ದೊಡ್ಡ ಬರ್ನರ್ ರಿಪೇರಿ ಆಗುವವರೆಗೆ ಹಚ್ಚಬೇಡಿ.

ಗ್ಯಾಸ್ ಉರಿ ಮಸಿ ಬಿಡುತ್ತಿದೆ ಅಂದರೆ ಗಾಳಿ ಸಾಲುತ್ತಿಲ್ಲ ಅಂತ. ಗಾಳಿ ಸಾಲದ ಕಡೆ ಕಾರ್ಬನ್ ಮೊನಾಕ್ಸೈಡ್ ಕೂಡ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಒಲೆ ಹಚ್ಚಿದಾಗ ತಲೆನೋವು, ವಾಂತಿ ಬರುವ ಹಾಗೆ ಆಗುವುದು, ಹೊರಗೆ ಹೋದರೆ ಸರಿಹೋಗುವುದು, ಹೀಗೆ ಏನಾದರೂ ಇದ್ದರೆ ಗೋಡೆ ಚಿಂತೆ ಬಿಟ್ಟು ಮೊದಲು ಮನೆಯಿಂದ ಹೊರಗೆ ಬನ್ನಿ, ವೈದ್ಯರಿಗೆ ತೋರಿಸಿ. ಅದನ್ನು ಪತ್ತೆಹಚ್ಚುವ ಅಲಾರಂ ಸಿಗುತ್ತದೆ. ಏನೇ ಉರಿಸುವ ಮನೆಯಾದರೂ ಒಂದು ಇರಲಿ.

ಕಾರಣಗಳು ನಾಲ್ಕೈದು ಇರುತ್ತವೆ. ಬರ್ನರ್ ತೂತುಗಳು ಕಟ್ಟಿರಬಹುದು. ಗಾಳಿ ಒಳಗೆ ಹೋಗುವ ಬಾಯಿಗೆ ಧೂಳೋ ಜೇಡರ ಬಲೆಯೋ ಕೂತಿರಬಹುದು. ಜೇಡಕ್ಕೆ ಆ ಕೊಳವೆ ಅಂದರೆ ಅದೇನು ಪ್ರೀತಿಯೋ, ತುಂಬಾ ಸಲ ಕಂಡಿದ್ದೇನೆ. ಬರ್ನರ್ ಮುಚ್ಚಳ ಓರೆ ಕೂತಿರಬಹುದು. ಜೆಟ್ ಅಂದರೆ ಬರ್ನರ್‌ಗೆ ಗ್ಯಾಸ್ ಚಿಮ್ಮುವ ಸಣ್ಣ ಮೂತಿ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಮಾಡಿದ ದೊಡ್ಡ ತೂತಿನ ಜೆಟ್‌ಗೆ ಸಿಲಿಂಡರ್ ಗ್ಯಾಸ್ ಕೊಟ್ಟಿದ್ದರೂ ಹೀಗೇ ಆಗುತ್ತದೆ. ನೈಸರ್ಗಿಕ ಅನಿಲದ ಮುಖ್ಯ ಭಾಗ ಮೀಥೇನ್, ಅದು ಒಂದು ಲೀಟರ್ ಪೂರ್ತಿ ಉರಿಯಲು ಸುಮಾರು 10 ಲೀಟರ್ ಗಾಳಿ ಸಾಕು. ಸಿಲಿಂಡರಿನಲ್ಲಿರುವ ಪ್ರೊಪೇನ್‌ಗೆ 24, ಬ್ಯೂಟೇನ್‌ಗೆ 31 ಬೇಕು. ದೊಡ್ಡ ತೂತಿನಿಂದ ಸಿಲಿಂಡರ್ ಗ್ಯಾಸ್ ನುಗ್ಗಿದರೆ ಅಷ್ಟು ಗಾಳಿ ಎಲ್ಲಿಂದ ಬರಬೇಕು?

ಒಂದು ಪ್ರಶ್ನೆ. ಈಚೆಗೆ ಯಾರಾದರೂ ಜೆಟ್‌ಗೆ ಪಿನ್ನು, ಸೂಜಿ ಹಾಕಿ ಚುಚ್ಚಿದ್ದಾರಾ?

ಮಸಿಗೋಡೆ
ಹೇಳಲು ನಾಚಿಕೆ. ನಾನೇ. ಆರೇಳು ತಿಂಗಳ ಹಿಂದೆ ದೊಡ್ಡ ಬರ್ನರ್ ಉರಿ ಕಡಿಮೆ ಆಗಿತ್ತು. ಹೊಲಿಗೆ ಸೂಜಿ ತಗೊಂಡು ಜೆಟ್ಟಿನ ತೂತಲ್ಲಿ ಹಾಕಿ ನಾಲ್ಕು ಸಲ ತಿರುಗಿಸಿದೆ. ಉರಿ ಭರ್ಜರಿ ಬಂತು. ರಿಪೇರಿಯವರನ್ನು ಕರೆಯದೆ ನಾನೇ ಮಾಡಿದೆ ಅಂತ ಮನೆಯಲ್ಲೆಲ್ಲ ಕೊಚ್ಚಿಕೊಂಡಿದ್ದೆ.

ಬರ್ನರ್‌ರಿಪೇರಿ
ಸಿಕ್ಕಿತು ನೋಡಿ. ಜೆಟ್ ಹಿತ್ತಾಳೆಯದು, ಮೆತ್ತಗೆ. ಸೂಜಿ ಉಕ್ಕಿನದು. ತೂತು 0.7 ಮಿಲಿಮೀಟರ್ ಇದ್ದದ್ದು 0.8 ಆದರೂ ಸಾಕು, ಗ್ಯಾಸ್ ಶೇಕಡ 30ರಷ್ಟು ಜಾಸ್ತಿ ನುಗ್ಗುತ್ತದೆ. ಗಾಳಿಯ ಬಾಯಿ ಮಾತ್ರ ಮೊದಲಿನಷ್ಟೇ. ನಿಮಗೆ ಭರ್ಜರಿ ಕಂಡದ್ದು ಅರೆಬೆಂದ ಗ್ಯಾಸು.

ಜೆಟ್ ಬದಲಾಯಿಸಬೇಕು, ಬೇರೆ ದಾರಿ ಇಲ್ಲ. ಅದು ತಿಳಿದವರ ಕೈಯಲ್ಲೇ ಆಗಲಿ, ಸೋರಿಕೆ ಪರೀಕ್ಷೆಯೂ ಆಗಬೇಕು. ಬರ್ನರ್ ಮುಚ್ಚಳ ತೊಳೆದು ಪೂರ್ತಿ ಒಣಗಿಸಿ ಇಡುವುದು ನೀವೇ ಮಾಡಬಹುದು.

ಪ್ರಯೋಗಶಾಲೆ
ಸಣ್ಣ ಸೇರ್ಪಡೆ. ಹಳದಿ ಕಂಡ ಕೂಡಲೇ ಎಲ್ಲರೂ ಗಾಬರಿ ಬೀಳಬೇಡಿ. ಉಪ್ಪುನೀರು ಉಕ್ಕಿ ಬರ್ನರ್ ಮೇಲೆ ಬಿದ್ದಿದ್ದರೂ ಸೋಡಿಯಂನಿಂದ ಉರಿ ಕಿತ್ತಳೆ ಆಗುತ್ತದೆ. ಧೂಳಿನ ಕಿಡಿಯೂ ಹಾಗೇ. ಅದು ಮಸಿ ಅಲ್ಲ. ಬೇರೆ ಮಾಡಿ ನೋಡುವುದು ಸುಲಭ. ಹಳೇ ಬಿಳಿ ಪಿಂಗಾಣಿ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಉರಿಯ ತುದಿಗೆ ಎರಡು ಮೂರು ಸೆಕೆಂಡು ತೋರಿಸಿ. ಕಪ್ಪು ಹಿಡಿದರೆ ಮಸಿ.

ಉರಿಕೆಂಡ
ನನ್ನದು ಬೇರೆ ಕತೆ, ಆದರೆ ಮಸಿಯೇ. ಗಾಜಿನ ಬಾಗಿಲಿನ ಸೌದೆ ಒಲೆ, ಚಿಮಣಿ ಮೇಲಕ್ಕೆ. ರಾತ್ರಿ ಮಲಗುವಾಗ ಸೌದೆ ತುಂಬಿ ಗಾಳಿ ಬಾಗಿಲು ಮುಚ್ಚುತ್ತೇನೆ, ಬೆಳಗಿನವರೆಗೆ ಕೆಂಡ ಇರಲಿ ಅಂತ. ಬೆಳಗ್ಗೆ ಗಾಜು ಟಾರು ಬಳಿದ ಹಾಗೆ. ಕೊಳವೆಯ ಸೇರುವೆಯಿಂದ ಕಂದು ನೀರು ಇಳಿಯುತ್ತದೆ. ಗಾಜು ಒರೆಸಲು ಏನು ಬಳಸುತ್ತೀರಿ ಎಲ್ಲರೂ?

ಕೊಳವೆಕೆಲಸ
ಗಾಜಿನ ಕತೆ ಆಮೇಲೆ. ಚಿಮಣಿ ಕೊನೆಯ ಸಲ ಉಜ್ಜಿಸಿದ್ದು ಯಾವಾಗ?

ನೀವು ಹೇಳುತ್ತಿರುವುದು ಬರೀ ಮಸಿ ಅಲ್ಲ, ಕ್ರಿಯೋಸೋಟ್. ಗಾಳಿ ಕಟ್ಟಿದರೆ ಸೌದೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಆ ಹೊಗೆಯಲ್ಲಿ ಉರಿಯದ ಟಾರು, ನೀರಾವಿ ಎರಡೂ ಇರುತ್ತವೆ. ಕೊಳವೆಯೊಳಗೆ ಹೊಗೆಯ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಅವು ಗೋಡೆಗೆ ಇಬ್ಬನಿಯ ಹಾಗೆ ಕೂತು ಗಟ್ಟಿಯಾಗುತ್ತವೆ. ಮೊದಲು ಪುಡಿಪುಡಿ, ಬ್ರಷ್‌ಗೆ ಉದುರುತ್ತದೆ. ಆಮೇಲೆ ಹೊಳೆಯುವ ಚಕ್ಕೆ. ಬಿಟ್ಟರೆ ಗಾಜು ಕರಗಿಸಿ ಬಳಿದ ಹಾಗೆ ಮೆರುಗು ಬರುತ್ತದೆ. ಆ ಹಂತಕ್ಕೆ ಬ್ರಷ್ ಏನೂ ಮಾಡಲಾರದು.

ಒಂದು ದಿನ ಜೋರು ಉರಿ ಹಾಕಿದಾಗ ಅದೇ ಹತ್ತಿಕೊಳ್ಳುತ್ತದೆ. ಚಿಮಣಿ ಬೆಂಕಿ 1,100 ಡಿಗ್ರಿ ಮುಟ್ಟಬಹುದು. ನಾನು ಹತ್ತಿರದಿಂದ ಒಂದು ಸಲ ಕೇಳಿದ್ದೇನೆ. ನೋಡಿದ್ದಲ್ಲ, ಕೇಳಿದ್ದು. ದೊಡ್ಡ ರೈಲು ಗೋಡೆಯೊಳಗೆ ಹೋಗುತ್ತಿರುವ ಸದ್ದು. ಹಾಗಾದರೆ ಒಲೆಯ ಬಾಗಿಲು, ಗಾಳಿ ಬಾಯಿ ಎಲ್ಲ ಮುಚ್ಚಿ ಎಲ್ಲರೂ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಬೇಕು. ಬಿಸಿ ಚಿಮಣಿಗೆ ನೀವಾಗಿ ನೀರು ಸುರಿಯಬೇಡಿ. ಕಲ್ಲು, ಇಟ್ಟಿಗೆ ಸೀಳುತ್ತದೆ.

ಒಳಗೋಡೆಯ ಮೇಲೆ 3 ಮಿಲಿಮೀಟರ್ ಪದರ ಕೂತರೆ ಉಜ್ಜಿಸುವ ಕಾಲ ಬಂತು ಅಂತ ಲೆಕ್ಕ. ಹೇಗಿದ್ದರೂ ವರ್ಷಕ್ಕೊಮ್ಮೆ ತೋರಿಸಿ.

ಉರಿಕೆಂಡ
ಉಜ್ಜಿಸಿ ಮೂರು ವರ್ಷ ಆಗಿರಬೇಕು. ಇವತ್ತು ಹಚ್ಚುವುದಿಲ್ಲ.

ಕೊಳವೆಕೆಲಸ
ಒಳ್ಳೆಯದು. ಸೌದೆ ಹೇಗಿದೆ? ಹಸಿ ಮರದ ತೂಕದಲ್ಲಿ ಅರ್ಧ ನೀರೇ ಇರಬಹುದು. ಮೊದಲು ಆ ನೀರು ಕುದಿಸಲು ಬಿಸಿ ಖರ್ಚಾಗುತ್ತದೆ, ಉರಿ ತಣ್ಣಗಾಗುತ್ತದೆ, ಹೊಗೆ ಏಳುತ್ತದೆ. ಶೇಕಡ 20ಕ್ಕಿಂತ ಕಡಿಮೆ ತೇವ ಇರಬೇಕು. ಅದಕ್ಕೆ ಸೀಳಿ, ಮಳೆ ತಾಗದ ಹಾಗೆ, ಗಾಳಿಯಾಡುವ ಹಾಗೆ ಪೇರಿಸಿ ಕಡಿಮೆಯೆಂದರೆ ಆರು ತಿಂಗಳು ಬಿಡಬೇಕು. ಗಟ್ಟಿ ಮರಕ್ಕೆ ಒಂದು ವರ್ಷ ದಾಟಿದರೂ ಆಶ್ಚರ್ಯ ಇಲ್ಲ. ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಬ್ ಅನ್ನುತ್ತದೆ.

ಚಿಕ್ಕ ಉರಿ, ಚುರುಕು ಉರಿ ಹಾಕಿ. ರಾತ್ರಿಯಿಡೀ ಹೊಗೆಯಾಡಿಸುವುದಕ್ಕಿಂತ ಬೆಳಗ್ಗೆ ಹೊಸದಾಗಿ ಹಚ್ಚುವುದೇ ಮೇಲು. ಹಚ್ಚುವಾಗ ದಪ್ಪ ಸೌದೆ ಕೆಳಗೆ, ಪುಳ್ಳೆ ಮೇಲೆ ಇಟ್ಟು ಮೇಲಿಂದ ಬೆಂಕಿ ಕೊಡಿ. ಕೆಳಗಿನ ಸೌದೆಯ ಹೊಗೆ ಮೇಲಿನ ಉರಿಯ ಮೂಲಕವೇ ಹೋಗಬೇಕಾಗುತ್ತದೆ, ಹೋಗುತ್ತಾ ಸುಟ್ಟುಹೋಗುತ್ತದೆ.

ಗಾಜಿಗೆ ಏನೂ ಕೊಳ್ಳಬೇಡಿ. ಒಲೆ ಪೂರ್ತಿ ತಣ್ಣಗಾದ ಮೇಲೆ ಹಳೇ ಪೇಪರ್ ಉಂಡೆ ಒದ್ದೆ ಮಾಡಿ, ಒಲೆಯ ನುಣ್ಣನೆ ಬೂದಿಯಲ್ಲೇ ಅದ್ದಿ ಉಜ್ಜಿ. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ, ಕ್ಷಾರ, ಟಾರನ್ನು ಬಿಡಿಸುತ್ತದೆ. ಬೂದಿಯಲ್ಲಿ ಕಲ್ಲುಚೂರು ಇಲ್ಲ ಅಂತ ನೋಡಿಕೊಳ್ಳಿ, ಗೀರು ಬೀಳುತ್ತದೆ. ಉಳಿದ ಬೂದಿ ಮುಚ್ಚಳ ಇರುವ ಲೋಹದ ಬಕೆಟ್ಟಿಗೆ ಹಾಕಿ ಹೊರಗಿಡಿ. ಅದರಡಿ ಕೆಂಡ ದಿನಗಟ್ಟಲೆ ಉಸಿರಾಡುತ್ತಿರುತ್ತದೆ. ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಬೂದಿ ಎಳೆದು ಯಂತ್ರಕ್ಕೇ ಬೆಂಕಿ ಹಚ್ಚಿಕೊಂಡವರಿದ್ದಾರೆ.

ಲಾಟೀನು
ಸೀಮೆಎಣ್ಣೆ ದೀಪ ಮರೆತಿರಾ? ಗಾಜಿನ ಬುರುಡೆ ಇಲ್ಲದ ಬತ್ತಿ ದೀಪದಲ್ಲಿ ಉರಿಯುವ ಎಣ್ಣೆಯ ಶೇಕಡ 7ರಿಂದ 9ರಷ್ಟು ನೇರವಾಗಿ ಮಸಿಯಾಗಿ ಹೊರಗೆ ಬರುತ್ತದೆ ಅಂತ 2012ರಲ್ಲಿ ಪ್ರಕಟವಾದ ಅಳತೆ ಇದೆ. ಸೌದೆ ಕೂಡ ಅಷ್ಟು ಕೊಡುವುದಿಲ್ಲ. 1780ರ ದಶಕದಲ್ಲಿ ಎಮೆ ಆರ್ಗಾಂಡ್ ಅನ್ನುವವನು ಟೊಳ್ಳು ಬತ್ತಿ ಮಾಡಿದ, ಗಾಳಿ ಉರಿಯ ಒಳಗಿಂದಲೂ ಹೊರಗಿಂದಲೂ ಸಿಗುವ ಹಾಗೆ. ಮೇಲೆ ಗಾಜಿನ ಬುರುಡೆ ಇಟ್ಟ, ಗಾಳಿ ಎಳೆದುಕೊಳ್ಳಲಿ ಅಂತ. ಬೆಳಕು ಜಾಸ್ತಿ, ಮಸಿ ಕಡಿಮೆ. ಇವತ್ತು ನಾವು ಮಾಡುತ್ತಿರುವುದೂ ಅದೇ, ಉರಿಗೆ ಗಾಳಿ ಕೊಡುವುದು.

ಅಂದ ಹಾಗೆ ಬರೆಯುವ ಶಾಯಿಗೂ ಗೋಡೆಯ ಕಪ್ಪಿಗೂ ನಮ್ಮಲ್ಲಿ ಒಂದೇ ಮಾತು, ಮಸಿ. ದೀಪದ ಮಸಿಗೆ ಅಂಟು ಕಲಸಿಯೇ ಹಿಂದೆ ಶಾಯಿ ಮಾಡುತ್ತಿದ್ದದ್ದು. ನೂರಾರು ವರ್ಷ ಮಾಸದ ಅಕ್ಷರ ಅದು. ನಿಮ್ಮ ಗೋಡೆಯಿಂದ ಒಂದು ಒರೆಸಿಗೆ ಯಾಕೆ ಹೋಗಬೇಕು ಹೇಳಿ?

ಬಣ್ಣದಬ್ರಷ್
ಲಾಟೀನು ಸರಿಯಾಗಿ ಹೇಳಿದರು. ಈಗ ಒರೆಸುವ ಕೆಲಸ.

ಒಣ ಕೆಲಸ ಮೊದಲು, ನೀರು ಕೊನೆಗೆ. ಮಾಸ್ಕ್ ಎನ್95 ದರ್ಜೆಯದು, ಕೈಗವಸು, ಹಳೇ ಬಟ್ಟೆ. ಕಿಟಕಿ ತೆಗೆಯಿರಿ, ಫ್ಯಾನ್ ಬೇಡ. ವ್ಯಾಕ್ಯೂಮ್ ಬಳಸುವುದಾದರೆ ತೀರಾ ಸಣ್ಣ ಕಾಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದೇ ಆಗಬೇಕು. ಸಾಮಾನ್ಯದ್ದು ಮುಂದಿನಿಂದ ಎಳೆದದ್ದನ್ನು ಹಿಂದಿನಿಂದ ಇಡೀ ಮನೆಗೆ ಹಂಚುತ್ತದೆ. ಮೂತಿಯನ್ನು ಗೋಡೆಗೆ ತಾಗಿಸದೆ ಒಂದು ಬೆರಳು ದೂರದಲ್ಲಿ ಹಿಡಿಯಿರಿ.

ಆಮೇಲೆ ಮಸಿ ಸ್ಪಂಜು. ರಬ್ಬರಿನದು, ಒಣಗಿಯೇ ಬಳಸುವುದು. ಮೇಲಿಂದ ಕೆಳಕ್ಕೆ, ಒಂದೇ ದಿಕ್ಕಿಗೆ, ಒಂದರ ಪಕ್ಕ ಒಂದು ಉದ್ದ ಎಳೆತ. ಉಜ್ಜಬೇಡಿ. ಚಾಕ್‌ಬೋರ್ಡ್ ಡಸ್ಟರ್ ಎಳೆದ ಹಾಗೆ. ಸ್ಪಂಜಿನ ಮೈ ಕಪ್ಪಾದರೆ ಇನ್ನೊಂದು ಮೈ ತಿರುಗಿಸಿ, ಎಲ್ಲ ಕಪ್ಪಾದರೆ ಚಾಕುವಿನಿಂದ ಒಂದು ಪದರ ಕೊಯ್ದು ಬಿಸಾಡಿ. ತೊಳೆಯಬೇಡಿ. ಒದ್ದೆಯಾದರೆ ಅದು ಕೆಲಸಕ್ಕೆ ಬಾರದು.

ಇನ್ನೂ ಜಿಡ್ಡು ಉಳಿದರೆ ಮಾತ್ರ ನೀರು. ಅಡುಗೆಮನೆ ಮಸಿಯಲ್ಲಿ ಎಣ್ಣೆ ಸೇರಿರುತ್ತದೆ, ಹಾಗಾಗಿ ಜಿಡ್ಡು ಕೀಳುವ ಕ್ಷಾರದ ಕ್ಲೀನರ್ ಅಥವಾ ಟ್ರೈಸೋಡಿಯಂ ಫಾಸ್ಫೇಟ್ ತೆಳ್ಳಗೆ ಕಲಸಿ. ಇಲ್ಲಿ ದಿಕ್ಕು ತಿರುಗುತ್ತದೆ. ಒದ್ದೆ ಕೆಲಸ ಕೆಳಗಿಂದ ಮೇಲಕ್ಕೆ. ಮೇಲಿಂದ ಶುರುಮಾಡಿದರೆ ಕೊಳೆನೀರು ಒಣ ಗೋಡೆಯ ಮೇಲೆ ಗೆರೆ ಗೆರೆಯಾಗಿ ಇಳಿದು ಕಚ್ಚಿಕೊಳ್ಳುತ್ತದೆ. ಎರಡು ಬಕೆಟ್ ಇರಲಿ, ಒಂದು ಕ್ಲೀನರ್‌ಗೆ, ಒಂದು ಹಿಂಡುವುದಕ್ಕೆ.

ನೀವು ಮೋಡ ಮಾಡಿದ ಜಾಗ ಬಹುಶಃ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಮೇಲೆ ಬಣ್ಣವೇ ಗತಿ, ಆದರೆ ನೇರವಾಗಿ ನೀರಿನ ಬಣ್ಣ ಬಳಿದರೆ ವಾರದಲ್ಲಿ ಕಲೆ ಮೇಲೆ ಬರುತ್ತದೆ. ಮೊದಲು ಅರಗಿನ ಪ್ರೈಮರ್ ಒಂದು ಕೈ, ಶೆಲ್ಯಾಕ್ ಅಂತ ಕೇಳಿ. ಪರದೆ, ಬಟ್ಟೆಗಳನ್ನು ಹೊರಗೆ ಕೊಡವಿದ ಮೇಲೆಯೇ ನೀರಿಗೆ ಹಾಕಿ. ಪಾತ್ರೆಯ ತಳದ ಮಸಿಗೆ ವಾಷಿಂಗ್ ಸೋಡಾ ಬಿಸಿನೀರು ಚೆನ್ನ, ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಬೇಡ, ಅದನ್ನು ಸೋಡಾವೇ ಕಪ್ಪು ಮಾಡುತ್ತದೆ.

ಸುಮ್ನೆಓದುಗ
ಒಂದಿಷ್ಟು ಮಸಿಗೆ ಎನ್95, ಹೆಪಾ ಅಂತೆಲ್ಲ ಸ್ವಲ್ಪ ಅತಿ ಆಯಿತು ಅನ್ನಿಸುವುದಿಲ್ವಾ? ನಮ್ಮ ಅಜ್ಜಿ ಜೀವಮಾನವಿಡೀ ಹೊಗೆಯಲ್ಲೇ ಇದ್ದರು.

ಕೊಳವೆಕೆಲಸ
ಅಜ್ಜಿ ಕೆಮ್ಮುತ್ತಿರಲಿಲ್ವಾ?

ನನ್ನ ಕೆಲಸದವರ ಕತೆ ಹೇಳುತ್ತೇನೆ. 1775ರಲ್ಲಿ ಪರ್ಸಿವಲ್ ಪಾಟ್ ಅನ್ನುವ ಲಂಡನ್ ಶಸ್ತ್ರವೈದ್ಯ ಚಿಮಣಿ ಉಜ್ಜುವವರಲ್ಲಿ ವೃಷಣದ ಚೀಲಕ್ಕೆ ಬರುವ ಕ್ಯಾನ್ಸರ್ ಬಗ್ಗೆ ಬರೆದ. ಚಿಕ್ಕಂದಿನಲ್ಲಿ ಚಿಮಣಿಯೊಳಗೆ ಹತ್ತಿಸಿದ ಹುಡುಗರಿಗೆ ದೊಡ್ಡವರಾದ ಮೇಲೆ ಬರುತ್ತಿದ್ದ ರೋಗ. ಕಾರಣ ಮಸಿ ಅಂದ. ಒಂದು ಕಸುಬಿಗೂ ಕ್ಯಾನ್ಸರಿಗೂ ಗಂಟು ಹಾಕಿ ತೋರಿಸಿದ ಮೊದಲ ಬರಹಗಳಲ್ಲಿ ಅದೊಂದು. ಈಗ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ಚಿಮಣಿ ಉಜ್ಜುವವರಿಗೆ ತಾಗುವ ಮಸಿ ಮೊದಲ ಗುಂಪಿನಲ್ಲಿದೆ, ಅಂದರೆ ಅದು ಕ್ಯಾನ್ಸರ್ ತರಬಲ್ಲದು ಅನ್ನುವುದು ಖಚಿತ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಂದು ಮಾಸ್ಕ್ ಹಾಕುವುದು ನನಗಂತೂ ಅತಿ ಅನ್ನಿಸುವುದಿಲ್ಲ.

ಸುಮ್ನೆಓದುಗ
ಕೆಮ್ಮುತ್ತಿದ್ದರು. ವಾಪಸ್ ತಗೊಂಡೆ.

ಪ್ರಯೋಗಶಾಲೆ
ಮಸಿಗೋಡೆಯವರೇ, ಒಲೆ ಒಂದೇ ಅಪರಾಧಿ ಅಂತ ತೀರ್ಮಾನಿಸಬೇಡಿ. ಕೋಣೆಯ ಪಟ್ಟೆಗೆ ಆ ಲೋಟದ ಮೇಣದಬತ್ತಿಯ ಪಾಲೂ ಇದೆ. ಮೇಣ ಕೆಳಗೆ ಇಳಿದಂತೆ ಆಳದ ಲೋಟದಲ್ಲಿ ಗಾಳಿ ಸರಿಯಾಗಿ ಸುಳಿಯುವುದಿಲ್ಲ, ಉರಿ ಕುಣಿಯುತ್ತದೆ. ಲೋಟದ ಅಂಚು ಕಪ್ಪಾಗಿದ್ದರೆ ಅದೇ ಸಾಕ್ಷಿ. ಬತ್ತಿಯನ್ನು 6 ಮಿಲಿಮೀಟರ್‌ಗೆ ಕತ್ತರಿಸಿ, ಗಾಳಿ ಬೀಸುವ ಜಾಗದಿಂದ ದೂರ ಇಡಿ. ಊದಿ ಆರಿಸಬೇಡಿ, ಮುಚ್ಚಿ ಆರಿಸಿ.

ಖಚಿತವಾಗಿ ಗೊತ್ತಾಗಬೇಕಾ? ಒರೆಸಿದ ಮೇಲೆ ಎರಡು ಬಿಳಿ ಚೀಟಿ ಅಂಟಿಸಿ. ಒಂದು ಒಲೆಯ ಮೇಲಿನ ಗೋಡೆಗೆ, ಇನ್ನೊಂದು ಕೋಣೆಯ ಚಾವಣಿಗೆ, ಪಟ್ಟೆ ಇದ್ದ ಜಾಗದಲ್ಲೇ. ಎರಡರ ಅರ್ಧ ಭಾಗದ ಮೇಲೂ ಟೇಪ್ ಇರಲಿ. ತಿಂಗಳಾದ ಮೇಲೆ ಟೇಪ್ ಕಿತ್ತು ಎರಡೂ ಅರ್ಧ ಹೋಲಿಸಿ.

ಮಸಿಗೋಡೆ
ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಜೆಟ್ ಬದಲಾಯಿತು. ಬಂದವರು ಹಳೇ ಜೆಟ್ ಬೆಳಕಿಗೆ ಹಿಡಿದು ತೋರಿಸಿದರು. ತೂತು ದುಂಡಗೆ ಇರಲೇ ಇಲ್ಲ, ಒಂದು ಕಡೆ ಕಿವಿ ಹರಿದ ಹಾಗೆ. ಬದಲಾಯಿಸುವ ಮುಂಚೆ ಹಳೇ ಉರಿಗೆ ತಟ್ಟೆ ಹಿಡಿದಿದ್ದೆ, ಮೂರು ಸೆಕೆಂಡಿಗೆ ಕಾಸಿನಗಲ ಕಪ್ಪು. ಹೊಸದಕ್ಕೆ ಹಿಡಿದರೆ ತಟ್ಟೆ ಬಿಸಿಯಾಯಿತು, ಅಷ್ಟೇ.

ಸ್ಪಂಜಿನ ಕೆಲಸ ಎರಡು ದಿನ ಹಿಡಿಯಿತು. ಮೊದಲ ಎಳೆತಕ್ಕೇ ಗೋಡೆಯಲ್ಲಿ ಬಿಳಿ ದಾರಿ ಮೂಡಿತು, ಕೂಗಬೇಕು ಅನ್ನಿಸಿತು. ಮೋಡದ ಜಾಗಕ್ಕೆ ಅರಗಿನ ಪ್ರೈಮರ್ ಬಳಿದು ಬಣ್ಣ ಹಾಕಿದೆ. ಪ್ರೈಮರ್ ವಾಸನೆ ಎರಡು ದಿನ ತಲೆ ತಿಂದಿತು, ಯಾರೂ ಹೇಳಿರಲಿಲ್ಲ.

ಚೀಟಿಗಳನ್ನು ಇವತ್ತು ಬೆಳಗ್ಗೆ ಕಿತ್ತೆ. ಒಲೆಯ ಮೇಲಿನದು ಎರಡೂ ಅರ್ಧ ಒಂದೇ ಬಿಳಿ. ಕೋಣೆಯದರಲ್ಲಿ ಟೇಪ್ ಇದ್ದ ಅರ್ಧಕ್ಕಿಂತ ಇನ್ನೊಂದು ಅರ್ಧ ತುಸು ಬೂದು. ಬತ್ತಿ ಕತ್ತರಿಸುತ್ತಿದ್ದೇನೆ ಅಂತ ಮನೆಯಲ್ಲಿ ಒಬ್ಬರು ಐದು ವಾರದಿಂದ ಆಣೆ ಹಾಕುತ್ತಿದ್ದಾರೆ. ಚೀಟಿ ಈಗ ಊಟದ ಮೇಜಿನ ಮೇಲೆ ಇಟ್ಟಿದ್ದೇನೆ, ಸಂಜೆ ವಿಚಾರಣೆ ಇದೆ.

ಉರಿಕೆಂಡ
ಚಿಮಣಿ ಉಜ್ಜಿಸಿದೆ. ಒಂದೂವರೆ ಬಕೆಟ್ ಬಂತು. ಬೂದಿ ಮತ್ತು ಪೇಪರ್ ಉಂಡೆಯಿಂದ ಗಾಜು ಉಜ್ಜಿದೆ, ಒಳಗಿನ ಉರಿ ಕಾಣುತ್ತಿದೆ. ಇಷ್ಟು ದಿನ ಅದು ಕಂದು ಗಾಜು ಅಂತಲೇ ತಿಳಿದಿದ್ದೆ.